ಎತ್ತಿ ಕುಡಿದ ನೀರು

ದೀಪಶ್ರೀ ಥರ್ಮಾಮೀಟರನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು. ನೂರಾ ಎರಡು. ಮಂಚದ ಮೇಲಿದ್ದ ವಿಶಾಲಾಕ್ಷಮ್ಮ ಕಂಬಳಿಯನ್ನು ಕುತ್ತಿಗೆಯವರೆಗೂ ಎಳೆದುಕೊಂಡು ಸೊಸೆಯ ಮುಖವನ್ನೇ ಗಮನಿಸುತ್ತಿದ್ದರು.

"ಎಷ್ಟೈತೆ?"

"ಸ್ವಲ್ಪ ಇದೆ ಅತ್ತೆ."

"ಸ್ವಲ್ಪ ಅಂದ್ರೆ ಜಾಸ್ತಿನೇ ಐತೆ ಬಿಡು. ನಿನ್ ಮುಖ ನೋಡಿದ್ರೆ ಗೊತ್ತಾಗಲ್ವಾ?"

ಮೂರು ತಿಂಗಳ ಹಿಂದೆ ಇದೇ ರೀತಿ ಶುರುವಾಗಿತ್ತು. ಸಂಜೆಯಾಗುತ್ತಲೇ ಚಳಿ, ಆಮೇಲೆ ಜ್ವರ, ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಎದ್ದು ಅಂಗಳಕ್ಕೆ ನೀರು ಹಾಕುವುದು. ವಾರ ಕಳೆದ ಮೇಲೆ ಕಡೂರಿನ ಆಸ್ಪತ್ರೆಯಲ್ಲಿ ಟೈಫಾಯ್ಡ್ ಎಂದರು. ಒಂಬತ್ತು ದಿನ ಅಲ್ಲೇ ಮಲಗಿಸಿಕೊಂಡು ಕಳಿಸುವಾಗ ಡಾಕ್ಟರು ಒಂದೇ ಮಾತು ಹೇಳಿದ್ದರು: ನೀರು ಜೋಪಾನ.

ಆ ಮಾತನ್ನು ದೀಪಶ್ರೀ ತನಗೇ ಹೇಳಿದ್ದೆಂದು ತಿಳಿದುಕೊಂಡಿದ್ದಳು. ಮನೆಯಲ್ಲಿ ಅಡಚಣೆ ಇರಲಿಲ್ಲ, ನೀರು ಕುದಿಸಿ ಆರಿಸಿ ಇಡುತ್ತಿದ್ದಳು. ತೊಂದರೆ ಇದ್ದದ್ದು ತೋಟದಲ್ಲಿ. ಸಿಂಗಟಗೆರೆಯಿಂದ ಒಂದೂವರೆ ಮೈಲಿ ದೂರದ ತೆಂಗಿನ ತೋಟಕ್ಕೆ ವಿಶಾಲಾಕ್ಷಮ್ಮ ದಿನವೂ ಹೋಗಲೇಬೇಕು. ಕೊಬ್ಬರಿ ಬಿಡಿಸುವ ಕಾಲದಲ್ಲಂತೂ ಬೆಳಿಗ್ಗೆ ಹೋದವರು ಹೊತ್ತು ಇಳಿದ ಮೇಲೇ ಬರುವುದು. ಕುದಿಸಿದ ನೀರು ಕೊಟ್ಟು ಕಳಿಸಿದರೆ ದಾರಿಯಲ್ಲೇ ಬೇಲಿ ಬುಡಕ್ಕೆ ಸುರಿದು ಬಿಡುತ್ತಿದ್ದರು. ಕುದ್ದ ನೀರು ಸಪ್ಪೆ, ಹೆಣಕ್ಕೆ ಬಿಟ್ಟಂಗಿರುತ್ತೆ ಎನ್ನುವುದು ಅವರ ವಾದ. ಎಳನೀರು ಕುಡಿಯಿರಿ ಎಂದರೆ, "ಕೊಬ್ಬರಿ ಆಗೋ ಕಾಯಿನ ಎಳೇದ್ರಲ್ಲೇ ಕೀಳ್ತಾರೇನೇ? ಹಸುಗೂಸಿನ ಕತ್ತು ಹಿಚುಕ್ದಂಗೆ" ಎನ್ನುತ್ತಿದ್ದರು. ಅವರಿಗೆ ಬೇಕಾದದ್ದು ತೋಟದ ತೊಟ್ಟಿಯ ನೀರು. ಕರೆಂಟು ಇದ್ದಾಗ ಬೋರಿನಿಂದ ತುಂಬಿ, ಇಲ್ಲದಾಗ ಬಿಸಿಲಿಗೆ ಬಾಯಿ ತೆರೆದು ನಿಂತಿರುವ ಸಿಮೆಂಟಿನ ತೊಟ್ಟಿ. ದನವೂ ಅದರಲ್ಲೇ ಕುಡಿಯುತ್ತದೆ, ಕಾಗೆಯೂ ಅದರಲ್ಲೇ ಮೀಯುತ್ತದೆ.

ಆಗ ಸಿಕ್ಕಿದ್ದು ಆ ನೀಲಿ ಬಾಟಲಿ. ಕಡೂರಿನಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟಿದ್ದ ಧರ್ಮೇಶ್ ತೋರಿಸಿದ್ದ. ಮುಚ್ಚಳದ ಒಳಗಿನಿಂದ ಗೇಣುದ್ದದ ಬಿಳಿ ಫಿಲ್ಟರು ಇಳಿಬಿದ್ದಿತ್ತು, ಮುಚ್ಚಳದ ಮೇಲೆ ಮೆತ್ತನೆಯ ಮೂತಿ. ಕೆರೆಯದೋ ಕಟ್ಟೆಯದೋ, ಯಾವ ನೀರನ್ನು ತುಂಬಿದರೂ ಮೂತಿಯಿಂದ ಹೀರಿದರೆ ಫಿಲ್ಟರಿನ ಮೂಲಕ ಹಾದು ಶುದ್ಧವಾಗಿ ಬರುತ್ತದೆ. ದೀಪಶ್ರೀ ಹಾಳೆಯ ಮೇಲಿದ್ದದ್ದನ್ನೆಲ್ಲ ಎರಡು ಸಲ ಓದಿಕೊಂಡೇ ತಂದಿದ್ದಳು. ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವವಳು ಅವಳು, ಓದದೆ ಏನನ್ನೂ ಮನೆಯೊಳಗೆ ತರುವವಳಲ್ಲ.

ವಿಶಾಲಾಕ್ಷಮ್ಮನಿಗೂ ಅದು ಹಿಡಿಸಿತ್ತು. ದಿನವೂ ಸೆರಗಿನ ಮರೆಯಲ್ಲಿ ಮಗುವನ್ನು ಇಟ್ಟುಕೊಂಡಂತೆ ಬಾಟಲಿ ಹಿಡಿದು ಹೋಗುತ್ತಿದ್ದರು. ಸಂಜೆ ಅದು ಖಾಲಿಯಾಗಿ ಬರುತ್ತಿತ್ತು. ಒಳಗಿನ ಫಿಲ್ಟರು ಒದ್ದೆಯಾಗಿರುತ್ತಿತ್ತು. ದೀಪಶ್ರೀ ದಿನವೂ ನೋಡುತ್ತಿದ್ದಳು, ಕೇಳುತ್ತಲೂ ಇದ್ದಳು. "ಅದ್ರಲ್ಲೇ ಕುಡಿದ್ರಾ ಅತ್ತೆ?"

"ಇನ್ನ್ಯಾವುದ್ರಲ್ಲೇ ಕುಡೀಲಿ? ನಿನ್ನಾಣೆ, ಅದ್ರಲ್ಲೇ ಕಣೇ."

ಅತ್ತೆ ಸುಳ್ಳು ಹೇಳುವವರಲ್ಲ. ಹಾಗಿದ್ದ ಮೇಲೆ ಈ ಜ್ವರ ಎಲ್ಲಿಂದ ಬಂತು?

ಕಡೂರಿನ ಆಸ್ಪತ್ರೆಯಲ್ಲಿ ಡಾಕ್ಟರು ರಕ್ತ ಪರೀಕ್ಷೆಯ ಕಾಗದ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮತ್ತೆ ಅದೇ. ನೋಡಿ, ಕರುಳಿನ ಹುಣ್ಣು ಇನ್ನೂ ವಾಸಿ ಆಗಿಲ್ಲ. ಅರವತ್ತು ದಾಟಿದವರು. ಮೂರನೇ ಸಲ ಬಂದ್ರೆ ನಾನು ಇಲ್ಲಿ ಇಟ್ಕೊಳಲ್ಲ, ಶಿವಮೊಗ್ಗಕ್ಕೋ ಹಾಸನಕ್ಕೋ ಕರ್ಕೊಂಡ್ ಹೋಗ್ಬೇಕಾಗುತ್ತೆ. ಕರುಳು ತೂತಾದ್ರೆ ಆಪರೇಷನ್ನು. ಎಲ್ಲಿಂದ ಬರ್ತಿದೆ ಅಂತ ಮೊದಲು ಕಂಡ್ಹಿಡೀರಿ."

"ನಾನು ಫಿಲ್ಟರ್ ಬಾಟ್ಲೀಲೇ ಕುಡಿಯೋದು ಡಾಕ್ಟ್ರೇ, ನನ್ ಸೊಸೆ ತಂದಿದ್ದು," ಎಂದರು ವಿಶಾಲಾಕ್ಷಮ್ಮ ಮಲಗಿದ್ದಲ್ಲಿಂದಲೇ. ದೀಪಶ್ರೀಗೆ ನೆಲ ಬಿರಿಯಬಾರದೇ ಅನ್ನಿಸಿತು.

ಹೊರಗೆ ಬಂದ ಮೇಲೆ ಗಂಡ ಗುರುಮೂರ್ತಿ ಬೈಕಿನ ಕೀಲಿಯನ್ನು ಬೆರಳಿಗೆ ಸುತ್ತುತ್ತ ನಿಂತ. "ಡೂಪ್ಲಿಕೇಟ್ ಇರ್ಬೇಕು ಕಣೇ ಬಾಟ್ಲಿ."

"ಇದ್ರೂ ಇರಬಹುದು ರೀ. ನಂಗೆ ಗೊತ್ತಾಗ್ತಿಲ್ಲ."

"ನಿಂಗೇ ಗೊತ್ತಾಗ್ದಿದ್ರೆ ಇನ್ಯಾರಿಗೆ ಗೊತ್ತಾಗ್ಬೇಕು? ಬಿಎಸ್ಸಿ ಓದಿರೋದು ನೀನೋ ನಾನೋ?" ಅವನು ತಮಾಷೆಗೇ ಅಂದಿದ್ದ. ಆದರೂ ಆ ಮಾತು ಅವಳ ಜೊತೆಗೇ ಧರ್ಮೇಶನ ಅಂಗಡಿಯವರೆಗೂ ಬಂತು.

ಧರ್ಮೇಶ್ ಬಾಟಲಿಯ ಮುಚ್ಚಳ ತಿರುಗಿಸಿ ಫಿಲ್ಟರನ್ನು ಹೊರಗೆ ತೆಗೆದು ಟ್ಯೂಬ್‌ಲೈಟಿಗೆ ಹಿಡಿದ. "ನೋಡಿ ಮೇಡಂ, ಎರಡು ತಿಂಗಳು ಬಳಸಿದ್ದೀರಿ ಅಂತೀರಿ. ಬೇರೆಯವ್ರದ್ದು ಇಷ್ಟೊತ್ತಿಗೆ ಹಳದಿ ತಿರುಗಿರುತ್ತೆ, ಎಳೆಯೋಕೂ ಕಷ್ಟ ಆಗಿರುತ್ತೆ. ನಿಮ್ದು ಹೊಸದಿದ್ದಂಗೇ ಇದೆ. ಮಾಲು ಚೆನ್ನಾಗಿರೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?"

ಅದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಅವಳಿಗೆ ತಿಳಿಯಲಿಲ್ಲ. ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಬಂದಳು.

ಊರಿಗೆ ನೀರು ಬಿಡುವ ಪಂಚಾಯ್ತಿಯ ನೀರುಗಂಟಿಯನ್ನು ಕೇಳಿ ನೀರು ಪರೀಕ್ಷಿಸುವ ಎರಡು ಪುಟ್ಟ ಶೀಷೆಗಳನ್ನು ತಂದಳು. ಒಂದಕ್ಕೆ ಮನೆಯ ಆರಿದ ನೀರು, ಇನ್ನೊಂದಕ್ಕೆ ತೋಟದ ತೊಟ್ಟಿಯದು. ಒಂದು ದಿನ ಬಿಟ್ಟು ನೋಡಿದಾಗ ಮನೆಯ ನೀರು ಹಾಗೆಯೇ ಇತ್ತು, ತೊಟ್ಟಿಯದು ಕಾಡಿಗೆಯಂತೆ ಕಪ್ಪಾಗಿತ್ತು. ತೊಟ್ಟಿ ಕೆಟ್ಟಿದೆ, ಅದು ಸರಿ. ಅದಕ್ಕೆಂದೇ ಅಲ್ಲವೇ ಬಾಟಲಿ? ಬಾಟಲಿಯನ್ನು ಪರೀಕ್ಷಿಸಬೇಕೆಂದರೆ ಹೀರಬೇಕು. ಅತ್ತೆಯ ಬಾಟಲಿಗೆ ಬಾಯಿ ಇಡುವುದೆಂದರೆ ಅದನ್ನು ಎಂಜಲು ಮಾಡಿದಂತೆ. ಈ ಮನೆಗೆ ಬಂದು ಹತ್ತು ವರ್ಷದಲ್ಲಿ ಅವಳು ಒಂದು ಲೋಟವನ್ನೂ ತುಟಿಗೆ ತಾಗಿಸಿರಲಿಲ್ಲ. ಕಚ್ಚಿ ಕುಡಿದರೆ ಮಾವನ ಕಾಲದಲ್ಲಿ ಲೋಟವನ್ನು ಹುಣಸೆಹಣ್ಣು ಬೂದಿ ಹಾಕಿ ಬೆಳಗಿಸುತ್ತಿದ್ದರಂತೆ. ಆದರೂ ಅತ್ತೆ ಆಸ್ಪತ್ರೆಯಲ್ಲಿದ್ದ ಆ ವಾರ, ಬಚ್ಚಲಿನ ಬಾಗಿಲು ಹಾಕಿಕೊಂಡು ತೊಟ್ಟಿಯ ನೀರು ತುಂಬಿ ಹೀರಿದಳು. ದಿನಕ್ಕೆ ಒಂದು ಬಾಟಲಿ, ಆರು ದಿನ. ಹೊಟ್ಟೆ ನುಲಿಯುತ್ತದೆಯೇ, ಮೈ ಬಿಸಿಯಾಗುತ್ತದೆಯೇ ಎಂದು ಕಾದಳು. ಏನೂ ಆಗಲಿಲ್ಲ. ಏನಾದರೂ ಆಗಿದ್ದರೆ ಸಮಾಧಾನವಾಗುತ್ತಿತ್ತೇನೋ. ಮೂತಿಯನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ ಇದ್ದ ಜಾಗದಲ್ಲೇ ಇಟ್ಟಳು.

ತೊಟ್ಟಿ ಕೆಟ್ಟದ್ದು. ಬಾಟಲಿ ಒಳ್ಳೆಯದು. ಅತ್ತೆ ಬಾಟಲಿಯಲ್ಲೇ ಕುಡಿಯುತ್ತಾರೆ. ಮೂರೂ ನಿಜ. ಮೂರೂ ನಿಜವಾದರೆ ಜ್ವರ ಬರಬಾರದು. ಸಂತೆಯ ಸೊಪ್ಪೇ, ಮಠದಲ್ಲಿ ಉಂಡ ಮಜ್ಜಿಗೆಯೇ, ತಾನೇ ತೊಳೆದ ತಟ್ಟೆಯೇ? ಗ್ರಂಥಾಲಯದಲ್ಲಿ ಪೇಪರು ಓದಲು ಬಂದವರು ಏನಾದರೂ ಕೇಳಿದರೆ ಎರಡನೇ ಸಲಕ್ಕೆ ಅವಳಿಗೆ ಕೇಳಿಸುತ್ತಿತ್ತು.

ಆಸ್ಪತ್ರೆಯಿಂದ ಬಂದ ಹನ್ನೆರಡನೇ ದಿನ ವಿಶಾಲಾಕ್ಷಮ್ಮ ತೋಟಕ್ಕೆ ಹೊರಟೇಬಿಟ್ಟರು. ಬೇಡವೆಂದವರಿಗೆಲ್ಲ, "ಮಂಚ ಕಾಯ್ಕೊಂಡಿರೋಕೆ ನಾನೇನ್ ಬಾಣಂತಿಯಾ?" ಎಂದರು. ದೀಪಶ್ರೀ ರಜೆ ಹಾಕಿ ಜೊತೆಗೆ ಹೊರಟಳು.

"ನೀನ್ಯಾಕೆ? ನಾನ್ ಓಡೋಗ್ತೀನಾ?"

"ಸುಮ್ನೆ ಅತ್ತೆ. ತೋಟ ನೋಡಿ ಬಹಳ ದಿನ ಆಯ್ತು."

ತೋಟದಲ್ಲಿ ಕಾಯಿ ರಾಶಿಯ ಪಕ್ಕ ತಿಪ್ಪಮ್ಮ ಒಬ್ಬಳೇ ಕೂತು ಚಿಪ್ಪು ಒಡೆಯುತ್ತಿದ್ದಳು. ಇಪ್ಪತ್ತು ವರ್ಷದಿಂದ ಈ ಮನೆಯ ಕೊಬ್ಬರಿ ಬಿಡಿಸುವವಳು. ಮಚ್ಚಿನ ಬೆನ್ನಿನಿಂದ ಕಾಯನ್ನು ತಿರುಗಿಸಿ ತಿರುಗಿಸಿ ಕುಟ್ಟಿದರೆ ಚಿಪ್ಪು ಚೂರಾಗಿ ಉದುರಿ, ಒಳಗಿನ ಉಂಡೆ ಕೊಬ್ಬರಿ ಒಂದು ಗೆರೆಯೂ ಬೀಳದೆ ಅವಳ ಅಂಗೈಗೆ ಬರುತ್ತಿತ್ತು.

"ಬಂದ್ರಾ ಅಮ್ಮೋರೆ, ಯಮನ್ ಮನೆ ಬಾಗಿಲು ತಟ್ಟಿ?"

"ತಟ್ದೆ ಕಣೇ. ತಿಪ್ಪಿನ ಮೊದ್ಲು ಕಳ್ಸು, ಆಮೇಲೆ ಬಾ ಅಂದ."

"ನಾನ್ ಹೋದ್ರೆ ನಿಮ್ ಕೊಬ್ರಿ ಯಾರ್ ಬಿಡಿಸ್ತಾರೆ? ಅದ್ಕೇ ಅವ್ನೂ ಸುಮ್ಕವ್ನೆ."

ದೀಪಶ್ರೀ ನೆರಳಿನಲ್ಲಿ ಗರಿ ಹಾಸಿ ಕೂತಳು. ಅತ್ತೆಯ ಕೈಯನ್ನೇ ನೋಡುತ್ತಿದ್ದಳು. ಬಿಸಿಲು ಏರಿತು. ಹನ್ನೊಂದರ ಹೊತ್ತಿಗೆ ವಿಶಾಲಾಕ್ಷಮ್ಮ ಎದ್ದು ತೊಟ್ಟಿಯ ಹತ್ತಿರ ಹೋಗಿ, ಪಾಚಿಯನ್ನು ಕೈಯಿಂದ ಸರಿಸಿ ಬಾಟಲಿ ತುಂಬಿ ಮುಚ್ಚಳ ಬಿಗಿದರು. ಸರಿಯಾಗಿಯೇ ಇತ್ತು. ತಂದು ತೆಂಗಿನ ಬುಡದಲ್ಲಿ ನೆಟ್ಟಗೆ ನಿಲ್ಲಿಸಿ ಮತ್ತೆ ಕೆಲಸಕ್ಕೆ ಕೂತರು. ಅರ್ಧ ಗಂಟೆ ಅದನ್ನು ಮುಟ್ಟಲಿಲ್ಲ. ಅದೇಕೆಂದು ದೀಪಶ್ರೀಗೆ ಅರ್ಥವಾಗಲಿಲ್ಲ.

ಆಮೇಲೆ ಬಾಟಲಿ ಎತ್ತಿಕೊಂಡರು. ಮುಚ್ಚಳ ತಿರುಗಿಸಿದರು. ಮುಚ್ಚಳದ ಜೊತೆಗೆ ಬಿಳಿಯ ಫಿಲ್ಟರು ನೀರು ತೊಟ್ಟಿಕ್ಕುತ್ತ ಹೊರಗೆ ಬಂತು. ಅದನ್ನು ಎಡಗೈಯಲ್ಲಿ ಜೋಪಾನವಾಗಿ ಹಿಡಿದುಕೊಂಡು, ತಲೆ ಹಿಂದಕ್ಕೆ ಮಾಡಿ, ಬಲಗೈಯಿಂದ ಬಾಟಲಿಯನ್ನು ತುಟಿಯಿಂದ ಅರ್ಧ ಅಡಿ ಮೇಲಕ್ಕೆ ಎತ್ತಿದರು.

"ಅತ್ತೆ!"

ನೀರು ವಿಶಾಲಾಕ್ಷಮ್ಮನ ಕುಪ್ಪಸದ ಮೇಲೆ ಚೆಲ್ಲಿತು. "ಏನೇ ಅದು, ಹಾವು ಕಂಡಂಗೆ?"

"ಹಾಗೆ ಕುಡಿಯೋದಲ್ಲ ಅತ್ತೆ. ಮೇಲಿನ ಮೂತಿಯಿಂದ ಹೀರಬೇಕು. ಆಗಲೇ ಫಿಲ್ಟರ್ ಆಗೋದು."

"ಬಾಯಿ ಇಟ್ಕೊಂಡಾ?" ವಿಶಾಲಾಕ್ಷಮ್ಮ ಎಡಗೈಯಲ್ಲಿದ್ದ ಮುಚ್ಚಳವನ್ನು ತಿರುಗಿಸಿ ನೋಡಿದರು. "ಇದು ಒಳಗಿದ್ದು ನೀರು ಶುದ್ಧ ಮಾಡುತ್ತೆ ಅಂತ ನೀನೇ ಅಲ್ವಾ ಹೇಳಿದ್ದು? ತಾಮ್ರದ ಚೊಂಬಿನಂಗೆ. ಅದ್ಕೇ ನಾನು ತುಂಬಿ ಅರ್ಧ ಗಂಟೆ ಬಿಟ್ಟೇ ಕುಡಿಯೋದು. ಒಂದ್ ದಿನಾನೂ ತಪ್ಸಿಲ್ಲ."

ದೀಪಶ್ರೀ ಎದ್ದು ಹತ್ತಿರ ಬಂದಳು. ಬಾಟಲಿ ತಂದ ದಿನ ನೆನಪಾಯಿತು. ಅಡುಗೆಮನೆಯಲ್ಲಿ ಅತ್ತೆಯ ಮುಂದೆ ಎಲ್ಲವನ್ನೂ ವಿವರಿಸಿದ್ದಳು. ಫಿಲ್ಟರಿನ ಸೂಕ್ಷ್ಮ ರಂಧ್ರಗಳು, ಕ್ರಿಮಿಗಳು, ಎಷ್ಟು ದಿನ ಬಾಳಿಕೆ, ಯಾವುದನ್ನೂ ಬಿಟ್ಟಿರಲಿಲ್ಲ. ಕುಡಿಯುವ ಕಡೆಯನ್ನು ಮಾತ್ರ ಬೆರಳಿನಿಂದ ತೋರಿಸಿ ಸುಮ್ಮನಾಗಿದ್ದಳು. ಅತ್ತೆಗೆಂದು ತಂದ ಹೊಸ ವಸ್ತುವಿಗೆ ಸೊಸೆ ಅವರೆದುರಿಗೇ ಬಾಯಿ ಹಾಕುವುದು ಹೇಗೆ? ಅದು ಅವಳ ಮನಸ್ಸಿಗೂ ಬಂದಿರಲಿಲ್ಲ.

"ಸರಿಯಾಗಿ ತೋರಿಸ್ಲಿಲ್ಲ ನಾನು," ಎಂದಳು.

"ಈ ನೀರೇ ಕೆಟ್ಟದ್ದಾಗಿದ್ರೆ ತಿಪ್ಪಿಗೂ ಬರ್ಬೇಕಿತ್ತಲ್ಲ ಜ್ವರ? ನಾನ್ ಎತ್ತಿ ಕುಡ್ದು ಅವಳ್ಗೂ ಹೊಯ್ತೀನಿ ದಿನಾ."

ತಿಪ್ಪಮ್ಮ ಮಚ್ಚು ನಿಲ್ಲಿಸಿ ನಕ್ಕಳು. "ನಂಗ್ಯಾವ ಜರ ಬತ್ತದೆ ಚಿಕ್ಕಮ್ಮೋರೆ, ಕಲ್ಲು ಮೈ."

ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂದು ದೀಪಶ್ರೀ ಓದಿದ್ದಳು. ಆದರೆ ಅದನ್ನು ಇಲ್ಲಿ ಹೇಗೆ ಹೇಳುವುದು? ಜ್ವರ ಇದರಿಂದಲೇ ಬಂತೆಂದು ಎದೆ ಮುಟ್ಟಿ ಹೇಳಬಲ್ಲಳೇ? ಗೊತ್ತಿಲ್ಲ. ಡಾಕ್ಟರು ಹೇಳಿದ ಮೂರನೇ ಸಲ ಎಂಬ ಮಾತು ಮಾತ್ರ ಗೊತ್ತಿತ್ತು.

ಅತ್ತೆಯ ಕೈಯಿಂದ ಎರಡನ್ನೂ ತೆಗೆದುಕೊಂಡಳು. ಫಿಲ್ಟರನ್ನು ಒಳಗಿಳಿಸಿ ಮುಚ್ಚಳ ಬಿಗಿದಳು. ತಿಪ್ಪಮ್ಮ ನೋಡುತ್ತಿದ್ದಳು, ಅತ್ತೆ ನೋಡುತ್ತಿದ್ದರು. ದೀಪಶ್ರೀ ಮೂತಿಯನ್ನು ತುಟಿಗಳ ನಡುವೆ ಇಟ್ಟು ಹೀರಿದಳು. ಕೆನ್ನೆ ಒಳಕ್ಕೆ ಹೋಯಿತು. ಬಾಟಲಿಯೊಳಗೆ ಒಂದು ಗುಳ್ಳೆ ಎದ್ದಿತು. ನುಂಗಿ, ಮೂತಿಯನ್ನು ತನ್ನ ಸೆರಗಿನಿಂದ ಒರೆಸಿ ಅತ್ತೆಯ ಮುಂದೆ ಹಿಡಿದಳು.

ವಿಶಾಲಾಕ್ಷಮ್ಮ ಮೂತಿಯನ್ನೂ ಸೊಸೆಯನ್ನೂ ನೋಡಿದರು. ಬಯ್ಯುತ್ತಾರೆಂದು ದೀಪಶ್ರೀ ಕಾದಳು.

"ಹೀಗೆ ಕುಡೀಲಿಲ್ಲ ಅಂದ್ರೆ ಮತ್ತೆ ಆಸ್ಪತ್ರೆಯೇನೇ?"

"ಹೂಂ ಅತ್ತೆ. ನಂಗೆ ಹಾಗನ್ಸುತ್ತೆ."

"ಅನ್ಸುತ್ತೆ ಅಂತೆ," ಎಂದು ಗೊಣಗಿ ಅವರು ಬಾಟಲಿ ತೆಗೆದುಕೊಂಡರು. ತಿಪ್ಪಮ್ಮನಿಗೆ ಬೆನ್ನು ಮಾಡಿ, ಸೆರಗನ್ನು ಮುಖದ ಮುಂದೆ ತಂದು ಹೀರಿದರು. "ಬರೋದೇ ಇಲ್ವಲ್ಲೇ."

"ಇನ್ನೂ ಎಳೀರಿ."

ಸೆರಗಿನ ಹಿಂದೆ ಅವರ ಗಂಟಲು ಒಮ್ಮೆ ಮೇಲಕ್ಕೆ ಹೋಗಿ ಕೆಳಗಿಳಿಯಿತು. ಇನ್ನೊಮ್ಮೆ.

ಅಷ್ಟರಲ್ಲಿ ತಿಪ್ಪಮ್ಮ ಚಿಪ್ಪಿನ ಪುಡಿಯನ್ನು ಸೀರೆಯಿಂದ ಕೊಡವಿಕೊಂಡು ಎದ್ದು ಬಂದಳು. ಬಿಸಿಲಿಗೆ ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು. ದಿನದಂತೆ ವಿಶಾಲಾಕ್ಷಮ್ಮನ ಎದುರು ಸ್ವಲ್ಪ ದೂರದಲ್ಲಿ ಬಗ್ಗಿ ನಿಂತು, ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ಬಾಯಿಗೆ ಹಿಡಿದಳು.

ವಿಶಾಲಾಕ್ಷಮ್ಮ ಬಾಟಲಿಯನ್ನು ಅವಳ ಬೊಗಸೆಯ ಮೇಲೆ ಬಗ್ಗಿಸಿದರು. ಮೂತಿಯಿಂದ ಒಂದು ಹನಿಯೂ ಬೀಳಲಿಲ್ಲ. ಅವರ ಬೆರಳುಗಳು ಮುಚ್ಚಳದ ಮೇಲೆ ಹೋಗಿ ಅಲ್ಲೇ ನಿಂತವು. ಸೊಸೆಯ ಕಡೆ ನೋಡಿದರು.

ದೀಪಶ್ರೀ ಮೂತಿಯನ್ನು ನೋಡಿದಳು. ಮುಚ್ಚಳ ತೆಗೆದರೆ ಬೀಳುವುದು ತೊಟ್ಟಿಯ ನೀರೇ, ತೆಗೆಯದಿದ್ದರೆ ತಿಪ್ಪಮ್ಮನೂ ಅದೇ ಮೂತಿಗೆ ಬಾಯಿ ಇಡಬೇಕು.

"ಹುಯ್ರಿ ಅಮ್ಮೋರೆ," ಎಂದಳು ತಿಪ್ಪಮ್ಮ, ತಲೆ ಎತ್ತದೆ. ಅವಳ ಬೊಗಸೆಯಲ್ಲಿ ತೆಂಗಿನ ಗರಿಗಳ ಸಂದಿನಿಂದ ಇಳಿದ ಬಿಸಿಲು ಅಲುಗಾಡುತ್ತಿತ್ತು.