ತೂತು ಗಡಿಗೆಯ ಬದನೆ

ಬದನೆ ಗಿಡ ಹಳದಿಯಾದರೆ ಸೊಸೆಯ ಕೈಗುಣ ಕೆಟ್ಟದ್ದಂತೆ! ಅತ್ತೆ ಸೋಮವ್ವ ಹೀಗೆಂದ ದಿನ ನನಗೆ ಮೈಯೆಲ್ಲ ಉರಿದುಹೋಯಿತು.

ಜಮಖಂಡಿ ಸಂಸ್ಥಾನ ಹೋಗಿ ಮುಂಬೈ ಸರ್ಕಾರ ಬಂದ ವರ್ಷವೇ ನಾನು ಬಾಡಗಂಡಿಯಿಂದ ಈ ಮನೆಗೆ ಸೊಸೆಯಾಗಿ ಬಂದೆ. ಬಂದವಳು ಸುಮ್ಮನೆ ಕೂರುವ ಪೈಕಿ ಅಲ್ಲ. ಹಳೆಯ ನೀರಿನ ಗಡಿಗೆಗಳಿಗೆ ಮಣ್ಣು, ಕುರಿಗೊಬ್ಬರ ತುಂಬಿ ಅಂಗಳದಲ್ಲಿ ಬದನೆ ಸಸಿ ಹಚ್ಚಿದೆ. ಬೆಳಿಗ್ಗೆ ಒಂದು ತಂಬಿಗೆ ನೀರು, ಸಂಜೆ ಒಂದು ತಂಬಿಗೆ. ಪ್ರೀತಿ ಉಕ್ಕಿದರೆ ಮಧ್ಯಾಹ್ನವೂ ಒಂದು. ಎಲೆ ಹಳದಿಯಾದವು. ಇನ್ನಷ್ಟು ನೀರು ಹಾಕಿದೆ. ಇನ್ನಷ್ಟು ಹಳದಿಯಾದವು.

"ತಂಗೆವ್ವಾ, ಈ ಸಲ ಮೊದಲನೇ ಕಾಳು ನೀ ಬಿಡೂದು ಬ್ಯಾಡ. ಬಾಜೂಮನಿ ಪದ್ಮವ್ವ ಬಿಡ್ತಾಳ," ಎಂದರು ಅತ್ತೆ.

ಮುಂಗಾರಿಗೆ ಕೂರಿಗೆಯ ಹಿಂದೆ ಮೊದಲ ಹಿಡಿ ಕಾಳು ಬಿಡುವವಳು ಮನೆಯ ಸೊಸೆ. ನಾನಿರುವಾಗ ಪಕ್ಕದ ಮನೆಯವಳು ಉಡಿಯಲ್ಲಿ ನಮ್ಮ ಬೀಜ ಕಟ್ಟಿಕೊಂಡರೆ ಊರಲ್ಲಿ ಮುಖ ಹೇಗೆ ತೋರಿಸಲಿ? ಅಂದು ನಾನು ರೊಟ್ಟಿ ಬಡಿದ ಸಪ್ಪಳ ಓಣಿಗೆಲ್ಲ ಕೇಳಿಸಿರಬೇಕು.

ಅಷ್ಟರಲ್ಲಿ ನಮ್ಮ ಟಗರು ಹಾಯ್ದು ಒಂದು ಗಡಿಗೆಯ ಬುಡ ಸೀಳಿತು. ಒಡಕು ಗಡಿಗೆ ಮನೆಯಲ್ಲಿರಬಾರದು, ತಿಪ್ಪೆಗೆ ಒಗೆ ಎಂದರು ಅತ್ತೆ. ಜೀವವಿದ್ದ ಗಿಡ ಹೇಗೆ ಒಗೆಯಲಿ? ಹಿತ್ತಲ ಬಣವೆಯ ಆಚೆ ಬಿಸಿಲಿಗೆ ಬಚ್ಚಿಟ್ಟೆ. ದಿನವೂ ಕದ್ದು ಹೋಗಿ, ಅತ್ತೆ ಕಂಡಾರೆಂದು ನೀರು ಸುರಿದವಳೇ ಓಡಿಬರುತ್ತಿದ್ದೆ.

ಒಂದು ಮುಂಜಾನೆ ನಿಂತು ನೋಡಿದೆ. ಹಚ್ಚ ಹಸಿರು! ಮೇಲೊಂದು ನೇರಳೆ ಹೂ ಬೇರೆ!

ನಾನು ಚೀರಿದ್ದು ಕೇಳಿ ಹಾವು ಬಂತೆಂದು ನಮ್ಮವರು ಬಡಿಗೆ ಹಿಡಿದು ಓಡಿಬಂದರು, ಅತ್ತೆ ಹಿಟ್ಟಿನ ಕೈಯಲ್ಲೇ ಬಂದರು.

"ಅದೇ ಮಣ್ಣು, ಅದೇ ನೀರು, ಇದೇ ಕೈ! ನೋಡ್ರಿ ಅತ್ತಿ!"

ಅಂಗಳಕ್ಕೆ ಓಡಿ ಹಳದಿ ಗಿಡದ ಗಡಿಗೆಯೊಂದನ್ನು ಬಗ್ಗಿಸಿದೆ. ನಾರುವ ಕಪ್ಪು ನೀರು ಸುರಿಯಿತು. ಬೇರು ಮುಟ್ಟಿದರೆ ಕಿತ್ತು ಕೈಗೇ ಬಂತು.

"ಯವ್ವಾ, ನೀರು ಹೋಗಾಕ ದಾರಿ ಇಲ್ಲ, ಬೇರು ಕೊಳತಾವು," ಎಂದರು ನಮ್ಮವರು. "ಉಳಿದ ಗಡಗಿ ಬುಡಕ ತೂತು ಹೊಡದ್ರ ಆತು."

ನಾನಾಗಲೇ ಕಂಬಳಿ ಹೊಲಿಯುವ ದಬ್ಬಣ ತಂದಿದ್ದೆ.

"ಮುಟ್ಟಬ್ಯಾಡ!" ಅತ್ತೆ ಗದರಿದರು. "ತೂತು ಗಡಗಿ ಹೆಣದ ಸಂಗಾಟ ಹೋಗೂದು. ಬಾಳೂ ಮನ್ಯಾಗ ತೂತು ಹೊಡೀತಾರೇನ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಿಂತಲ್ಲೇ ಅಳು ಬಂತು, ಸಿಟ್ಟೂ ಬಂತು.

ಅತ್ತೆ ಹಸಿರು ಗಿಡವನ್ನು ನೋಡಿದರು, ಹಳದಿ ಗಿಡಗಳನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಥಟ್ಟನೆ ದಬ್ಬಣ ಕಿತ್ತುಕೊಂಡರು.

"ಆಚಿಗೆ ಸರಿ. ನೀ ಬಾಳಿ ಬದುಕಬೇಕಾದಾಕಿ. ಕೇಡು ಬಂದ್ರ ನನಗ ಬರಲಿ."

ಮನೆದೇವರು ಬೀರಪ್ಪನ ಹೆಸರು ಹೇಳಿ, ದಬ್ಬಣವಿಟ್ಟು ಕಲ್ಲಿನಿಂದ ಬಡಿದರು. ಒಂದೊಂದು ಗಡಿಗೆಯಿಂದಲೂ ಕಪ್ಪು ನೀರು ಹರಿದು ಅವರ ಸೀರೆ ತೋಯಿಸಿತು. ನನಗೆ ಒಂದನ್ನೂ ಮುಟ್ಟಗೊಡಲಿಲ್ಲ.

ಎರಡು ಗಿಡ ಸತ್ತವು. ಉಳಿದವು ಮಳೆ ಬೀಳುವ ಮೊದಲೇ ಹಸಿರು ಚಿಗುರೊಡೆದವು. ಬಿತ್ತುವ ದಿನ ಪದ್ಮವ್ವ ಹೊಸ ಸೀರೆ ಉಟ್ಟು ಹೊಲಕ್ಕೇ ಬಂದುಬಿಟ್ಟಿದ್ದಳು. ಅತ್ತೆ ಬೀಜದ ಬುಟ್ಟಿ ಹೊತ್ತು ಅವಳನ್ನು ದಾಟಿ ಬಂದು, ನನ್ನ ಉಡಿ ತುಂಬಿದರು.

"ಬ್ಯಾಸರ ಮಾಡ್ಕೋಬ್ಯಾಡ ಪದ್ಮವ್ವಾ. ನಮ್ಮ ಸೊಸಿ ಅದಾಳ."