ಮಂಚಮ್ಮನಿಗಾಗಿ ಬೇಡಿಕೊಂಡದ್ದು

ಕಳಲೆಯ ಸಿದ್ದಲಿಂಗಮ್ಮ ಅಂಗನವಾಡಿ ಕೆಲಸದಿಂದ ನಿವೃತ್ತರಾದ ಮೇಲೆ, ಯಾರಾದರೂ ದೊಡ್ಡ ಕಾಯಿಲೆಯಿಂದ ಮಲಗಿದ್ದಾರೆಂದು ತಿಳಿದರೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದರು. ನಂಜುಂಡೇಶ್ವರನನ್ನು ನೆನೆದು ಹಣೆಗೆ ವಿಭೂತಿ ಹಚ್ಚಿ ಮಾತಾಡಿಸುತ್ತಿದ್ದರು. ಅವರಿಗೇ ಹಿಂದೊಮ್ಮೆ ಕ್ಯಾನ್ಸರ್ ಆಗಿ ವಾಸಿಯಾಗಿದ್ದರಿಂದ ಜನ ಅವರ ಮಾತಿಗೆ ಕಿವಿಗೊಡುತ್ತಿದ್ದರು.

ಟ್ರ್ಯಾಕ್ಟರ್ ಓಡಿಸುವ ಚಾಮಯ್ಯ ಮಾತ್ರ ಅವರನ್ನು ಕಂಡೊಡನೆ ಗೋಡೆಯ ಕಡೆ ತಿರುಗಿಕೊಂಡ. ಅವನಿಗೆ ಗಂಟಲಿನ ಕ್ಯಾನ್ಸರ್. ಮೈಸೂರಿನ ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿಕೊಳ್ಳಲು ಶುರುಮಾಡಿ, ಎರಡೇ ಸಲಕ್ಕೆ ಬಿಟ್ಟು ಬಂದಿದ್ದ. ಕಾರಣ ಕೇಳಿದರೆ ಹೆಂಡತಿ ಮಂಚಮ್ಮನ ಮೇಲೆ ರೇಗುತ್ತಿದ್ದ. ದಿಕ್ಕು ತೋಚದೆ ಅವಳೇ ಸಿದ್ದಲಿಂಗಮ್ಮನನ್ನು ಕರೆಸಿದ್ದಳು.

"ದೇವ್ರುನ್ನ ಬೇಡ್ಕಂಡ್ರೆ ವಾಸಿ ಆಗ್ಬುಡ್ತದಾ ಅಕ್ಕ?" ಎಂದು ಗೋಡೆ ನೋಡಿಕೊಂಡೇ ಕೇಳಿದ.

"ಅಂಗಂತ ನಾನ್ ಯಾರ್ಗೂ ಯೋಳಿಲ್ಲ ಕಣಪ್ಪ. ಆಸ್ಪತ್ರೆಗೆ ಓಗೋದು ಯಾಕ್ ಬುಟ್ಟೆ, ಅದ್ನ ಯೋಳು."

ಮಂಚಮ್ಮ ಹಿತ್ತಲಿಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ಚಾಮಯ್ಯ ಇತ್ತ ತಿರುಗಿದ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದ. "ಅಲ್ಲಿ ಮುಖುಕ್ಕೆ ಜಾಲರಿ ತರದ್ದೊಂದು ಆಕಿ ಮೇಜಿಗೆ ಬಿಗೀತಾರೆ. ಅಲ್ಲಾಡಂಗಿಲ್ಲ. ಎಲ್ರೂ ಆಚ್ಗೋಗಿ ಬಾಗ್ಲು ಆಕ್ಕತಾರೆ. ಉಸ್ರೇ ನಿಂತೋದಂಗೆ ಆಯ್ತದೆ. ಗಂಡ್ಸಾಗಿ ಎದ್ರುಕೆ ಅಂತ ಎಂಗ್ ಯೋಳ್ಳಿ?"

ಸಿದ್ದಲಿಂಗಮ್ಮ ನಗಲಿಲ್ಲ. "ಆ ರೂಮಲ್ಲಿ ನಾನೂ ನಡುಗಿದೀನಿ ಕಣಪ್ಪ. ನಾಳೆ ನಿನ್ ಜೊತೇಲಿ ಬತ್ತೀನಿ. ನೀನು ಒಳಗಿರೋಗಂಟ ಬಾಗ್ಲತ್ರ ಕೂತು ಬೇಡ್ಕತೀನಿ."

"ನಂಗ್ ಬ್ಯಾಡ, ಮಂಚಮ್ಮಂಗ್ ಬೇಡ್ಕಳಿ. ಅವ್ಳು ನೆಟ್ಗೆ ಉಂಡು ಎಷ್ಟೋ ದಿನ ಆಯ್ತು."

"ಅದ್ನ ನೀನೇ ಬೇಡ್ಕೊ. ಒಳ್ಗೆ ಮಲ್ಗಿರ್ವಾಗ."

ಮರುದಿನ ಮೂವರೂ ಬಸ್ಸು ಹತ್ತಿದರು. ಜಾಲರಿ ಬಿಗಿದಾಗ ಅದೇ ಭಯ ಎದೆಗೆ ಬಂದು ಕೂತಿತು. ಚಾಮಯ್ಯ ಕಣ್ಣು ಮುಚ್ಚಿದ. ನಂಜುಂಡಪ್ಪ, ಅವಳು ಹೊಟ್ಟೆ ತುಂಬ ಉಣ್ಣುವಂತೆ ಮಾಡು, ಅವಳ ಮಂಡಿನೋವು ಕಮ್ಮಿ ಮಾಡು ಎಂದು ಮನಸ್ಸಿನಲ್ಲೇ ಶುರುಮಾಡಿದ. ಅವಳಿಗೆ ಇನ್ನೇನು ಬೇಕೆಂದು ಯೋಚಿಸುತ್ತಿರುವಾಗಲೇ ಯಂತ್ರದ ಸದ್ದು ನಿಂತಿತು. ಹೊರಗೆ ಬಂದವನೇ ಮಂಚಮ್ಮನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಇಡ್ಲಿ ಕೊಡಿಸಿದ. ತಾನು ನುಂಗಲಾರದಿದ್ದರೂ ಅವಳು ತಿನ್ನುವುದನ್ನು ಎದುರಿಗೆ ಕೂತು ನೋಡಿದ.

ಗಂಟಲು ಹುಣ್ಣಾಗಿ ನೀರು ಕುಡಿದರೂ ಉರಿಯುವ ದಿನಗಳು ಬಂದವು. ಆದರೂ ಹೋಗುವುದನ್ನು ತಪ್ಪಿಸಲಿಲ್ಲ. ಚಿಕಿತ್ಸೆ ಮುಗಿದು ಕೆಲವು ತಿಂಗಳ ಮೇಲೆ ಡಾಕ್ಟರು, ಗೆಡ್ಡೆ ಕಾಣಿಸುತ್ತಿಲ್ಲ, ಆದರೆ ಪರೀಕ್ಷೆಗೆ ತಪ್ಪದೆ ಬರುತ್ತಿರಬೇಕು ಎಂದರು. ಮಂಚಮ್ಮ ಅಲ್ಲೇ ಕುರ್ಚಿ ಹಿಡಿದುಕೊಂಡು ಅತ್ತಳು.

ಅದಾದ ಮೇಲೆ ಒಂದು ಬೆಳಿಗ್ಗೆ, ಮುಡುಕುತೊರೆಯಲ್ಲಿ ಕಾಯಿಲೆಯಿಂದ ಮಲಗಿದ್ದ ನಂಜೇಶ್ ಎಂಬುವವರನ್ನು ನೋಡಲು ಸಿದ್ದಲಿಂಗಮ್ಮ ಬಸ್ಸಿಗೆ ಕಾಯುತ್ತಿದ್ದರು. ಚಾಮಯ್ಯ ಬಂದು ಪಕ್ಕದಲ್ಲಿ ನಿಂತ. ಅವನ ದನಿ ಇನ್ನೂ ಒಡಕಲಾಗಿತ್ತು.

"ನಾನೂ ಬತ್ತೀನಕ್ಕ."

"ಬಂದು ಏನ್ ಮಾಡ್ತೀಯ? ನಿಂಗೆ ಇನ್ನೂ ಮಾತೇ ಸರಿಯಾಗಿ ಬರಾಕಿಲ್ಲ."

"ಮಾತು ನೀವಾಡಿ. ನಾನು ಅವ್ರ ಕೈ ಇಡ್ಕಂಡು ಕೂತಿರ್ತೀನಿ."

ಮುಡುಕುತೊರೆ ಕಡೆಗೆ ಹೋಗುವ ಟಿ. ನರಸೀಪುರದ ಬಸ್ಸು ಬಂತು. ಸಿದ್ದಲಿಂಗಮ್ಮ ಹತ್ತಿ, ಸೀಟಿನಲ್ಲಿ ಸ್ವಲ್ಪ ಒಳಕ್ಕೆ ಸರಿದು ಕೂತರು.