ವಿಮಾನಕ್ಕೆ ಹದಿನೇಳು ಸ್ಟಾಪು

ಹನ್ನೊಂದು ವರ್ಷ ಸಿಟಿ ಬಸ್ಸಿನಲ್ಲಿ ನಿಂತೇ ದುಡಿದ ಕಂಡಕ್ಟರಮ್ಮನಿಗೆ ಜನಜಂಗುಳಿ ಹೊಸದೇನಲ್ಲ. ಕುಡಿದು ಬಂದವರನ್ನು ಇಳಿಸಿದ್ದಳು, ಸೀಟಿನ ಜಗಳ ಬಿಡಿಸಿದ್ದಳು, ಹೆರಿಗೆ ನೋವು ಶುರುವಾದವಳೊಬ್ಬಳನ್ನು ಬಸ್ಸಿನ ಸಮೇತ ಆಸ್ಪತ್ರೆ ಮುಟ್ಟಿಸಿದ್ದಳು. ಆದರೂ ಮೂರೂವರೆ ವರ್ಷದ ಮಗಳನ್ನು ಕಟ್ಟಿಕೊಂಡು ಮೊದಲ ಸಲ ವಿಮಾನ ಹತ್ತಬೇಕೆಂದಾಗ ಅವಳ ಎದೆ ಡವಡವ ಎಂದಿತು.

ಬೇರೆ ದಾರಿಯಿರಲಿಲ್ಲ. ಗಂಡ ವೆಲ್ಡರು; ದೂರದ ಊರಿಗೆ ಸೇತುವೆ ಕೆಲಸಕ್ಕೆ ಹೋಗಿ ಐದು ತಿಂಗಳಾಗಿತ್ತು. ಅವಳಿಗೆ ಸಿಕ್ಕಿದ್ದು ನಾಲ್ಕೇ ದಿನದ ರಜೆ. ರೈಲಿನಲ್ಲಿ ಹೋದರೆ ಹೋಗಿಬರುವುದಕ್ಕೇ ಮೂರು ದಿನ. ಮುಖ ನೋಡಿ "ಚೆನ್ನಾಗಿದ್ದೀಯಾ" ಅನ್ನುವಷ್ಟರಲ್ಲಿ ಗಂಟುಮೂಟೆ ಕಟ್ಟಬೇಕಿತ್ತು.

ಮಗಳಿಗೆ ಡಿಪೋದ ಡ್ರೈವರುಗಳು ಇಟ್ಟ ಹೆಸರು ಸೂಜಿಮೆಣಸು. ಗಾತ್ರ ಗೇಣುದ್ದ, ಖಾರ ಮೊಳದುದ್ದ. ಹಾಲು ಬಿಟ್ಟಾಗಿನಿಂದ ಡಿಪೋದಲ್ಲೇ ಆಡಿ ಬೆಳೆದವಳು. ಅವಳ ಲೆಕ್ಕದಲ್ಲಿ ಪ್ರಪಂಚದಲ್ಲಿ ಇರುವುದು ಎರಡೇ ಬಗೆ, ಬಸ್ಸು ಮತ್ತು ಬಸ್ಸಲ್ಲದ್ದು.

ಮೊದಲ ರಂಪ ತಪಾಸಣೆಯ ಹತ್ತಿರವೇ ಆಯಿತು. ಓಡುವ ಪಟ್ಟಿಯ ಮೇಲೆ ಇಟ್ಟ ಅವಳ ಕೆಂಪು ಶೂಗಳು ಕಪ್ಪು ಪೆಟ್ಟಿಗೆಯೊಳಗೆ ಮಾಯವಾದದ್ದೇ ತಡ, ಸೂಜಿಮೆಣಸು ನೆಲಕ್ಕೆ ಬಿದ್ದಳು.

"ಅಮ್ಮಾ! ನನ್ನ ಶೂ ನುಂಗ್ತು!"

ಹಿಂದಿನ ಸಾಲು ಉಸ್ಸೆಂದಿತು. ಎತ್ತಲು ಹೋದರೆ ಮಗು ಮೀನಿನಂತೆ ಜಾರುತ್ತಿತ್ತು. ಕೊನೆಗೆ ಪೊಲೀಸಮ್ಮನೇ ಬಗ್ಗಿ, "ಅಳಬೇಡ ಮರಿ. ಅದಕ್ಕೆ ಶೂ ರುಚಿ ಹಿಡಿಸಲ್ಲ. ಆ ಕಡೆ ಹೋಗಿ ನೋಡು, ಉಗಿದುಬಿಡುತ್ತೆ" ಎಂದಳು.

ಸೂಜಿಮೆಣಸು ಕಣ್ಣೊರೆಸಿಕೊಂಡು ಓಡಿದಳು. ಪೆಟ್ಟಿಗೆಯ ಬಾಯಿಗೆ ಮುಖ ಹಿಡಿದು, "ಥೂ ಅನ್ನು! ಬೇಗ ಥೂ ಅನ್ನು!" ಎಂದು ಗದರಿದಳು. ಶೂ ಬಂದವು. ಹಿಂದಿನ ಸಾಲೂ ನಕ್ಕಿತು.

ವಿಮಾನದೊಳಗೆ ಅವರದ್ದು ನಡುವಿನದೂ ಓಣಿ ಬದಿಯದೂ ಸೀಟು. ಕಿಟಕಿ ಪಕ್ಕ ಹಲ್ಲಿನ ಡಾಕ್ಟರೊಬ್ಬರು ಕೂತಿದ್ದರು. ಮೊಣಕಾಲ ಮೇಲೆ ದವಡೆಯ ಚಿತ್ರವಿದ್ದ ಪುಸ್ತಕ, ಹುಬ್ಬಿನ ನಡುವೆ ಗಂಟು. ಕಂಡಕ್ಟರಮ್ಮ ಬ್ಯಾಗನ್ನು ಮೇಲೆ ತುರುಕುತ್ತಿದ್ದಳು. ಅಷ್ಟರಲ್ಲಿ ಮಗಳು ಕಂಕುಳಡಿಯಿಂದ ನುಸುಳಿ ಕೆಲಸಕ್ಕೆ ಇಳಿದಿದ್ದಳು.

"ಟಿಕೆಟ್, ಟಿಕೆಟ್! ಯಾರ್ರೀ ಇನ್ನೂ ತಗೊಂಡಿಲ್ಲ?"

ಮೊದಲು ಸಿಕ್ಕಿದ್ದೇ ಡಾಕ್ಟರ ಪುಸ್ತಕದಿಂದ ಇಣುಕುತ್ತಿದ್ದ ಬೋರ್ಡಿಂಗ್ ಪಾಸು. ಪರ್ರನೆ ಹರಿದು, ಅರ್ಧ ಅವರ ಕೈಗಿಟ್ಟು ಮುಂದೆ ಹೋದಳು. ಮುಂದಿನ ಸಾಲಿನವನು ತಮಾಷೆಗೆ ಫೋನು ತೋರಿಸಿದ.

"ಇದು ಫೋನು. ಟಿಕೆಟ್ ಇಲ್ದೇ ಹತ್ತಿದ್ದೀರಾ? ಮುಂದಿನ ಸ್ಟಾಪಲ್ಲಿ ಇಳ್ಕೊಳ್ಳಿ."

ನಾಲ್ಕು ಸಾಲು ಗೊಳ್ಳೆಂದಿತು. ಡಾಕ್ಟರು ಮಾತ್ರ ನಗಲಿಲ್ಲ.

"ಇದನ್ನ ಸಭೆ ನಡೆಸೋರಿಗೆ ಕೊಟ್ರೇನೇ ನನಗೆ ಟಿಕೆಟ್ ದುಡ್ಡು ಬರೋದು. ಮಗೂನ ಸ್ವಲ್ಪ ಹಿಡ್ಕೊಳ್ಳಮ್ಮಾ."

ಕಂಡಕ್ಟರಮ್ಮನ ಮುಖ ಕೆಂಪಾಯಿತು. ಎಷ್ಟು ತಾಯಂದಿರಿಗೆ ತಾನೇ ಈ ಮಾತು ಅಂದಿದ್ದಳೋ! ಅನ್ನಿಸಿಕೊಂಡಾಗ ಹೇಗಿರುತ್ತದೆಂದು ಇವತ್ತು ಗೊತ್ತಾಯಿತು. ಹರಿದ ನೋಟಿಗೆಂದು ಸದಾ ಇಟ್ಟುಕೊಂಡಿರುತ್ತಿದ್ದ ಟೇಪು ತೆಗೆದು, ಎರಡು ತುಂಡನ್ನೂ ಗೆರೆ ಕಾಣದಂತೆ ಅಂಟಿಸಿಕೊಟ್ಟಳು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಪರವಾಗಿಲ್ಲ, ನನ್ನ ಕೆಲಸಕ್ಕಿಂತ ನೀಟಾಗಿದೆ" ಎಂದು ಮೆಲ್ಲಗೆ ಗೊಣಗಿದರು.

ಮುಕ್ಕಾಲು ದಾರಿ ಸುಸೂತ್ರವಾಗಿ ಕಳೆಯಿತು. ಕಂಡಕ್ಟರಮ್ಮ ಗಳಿಗೆಗೊಮ್ಮೆ "ಸೂಸು ಬಂತಾ?" ಅಂದರೆ, ಮಗಳು ಪ್ರತಿ ಸಲವೂ "ಇಲ್ಲ" ಅಂದಳು. ವಿಮಾನ ಇಳಿಯತೊಡಗಿ, ಬೆಲ್ಟಿನ ದೀಪ ಹತ್ತಿ, ಗಗನಸಖಿಯರೂ ಕೂತ ಮೇಲೆ ಬಂತು.

"ಅಮ್ಮಾ, ಸೂಸು."

"ಈಗ ಏಳೋ ಹಾಗಿಲ್ಲ ಕಂದಾ."

"ಡ್ರೈವರ್ ಮಾಮಂಗೆ ಹೇಳು, ಸೈಡಿಗೆ ಹಾಕ್ಲಿ."

"ಇಲ್ಲಿ ಸೈಡೇ ಇಲ್ಲ ಕಣೇ!"

ಅದರ ಮೇಲೆ ಕಿವಿನೋವು ಬೇರೆ. ಮೊದಲೇ ಮಂಗ, ಮೇಲೆ ಚೇಳು ಕುಟುಕಿದ ಹಾಗಾಯಿತು. ಸೂಜಿಮೆಣಸು ಕಿವಿ ಹಿಡಿದುಕೊಂಡು ವಿಮಾನದ ಸೂರು ಹಾರಿಹೋಗುವಂತೆ ಚೀರಿದಳು. ಕಂಡಕ್ಟರಮ್ಮನ ಕಣ್ಣಲ್ಲೂ ನೀರು ಬಂತು. ಡಾಕ್ಟರು ಪುಸ್ತಕ ಮುಚ್ಚಿದರು.

"ಬಾಯಿ ಆಡಿಸ್ತಾ ಇದ್ರೆ ಕಿವಿ ಬಿಡುತ್ತೆ. ಏನಾದ್ರೂ ಮಾತಾಡಿಸಿ."

ಕಂಡಕ್ಟರಮ್ಮನಿಗೆ ತಟ್ಟನೆ ದಾರಿ ಹೊಳೆಯಿತು. ಬೆಳಗಿನಿಂದ ಸಂಜೆವರೆಗೆ ಬಸ್ಸಿನಲ್ಲೇ ಇರುವ ಹೆಂಗಸಿಗೆ ಸೂಸು ತಡೆಯುವ ವಿದ್ಯೆ ಯಾರೂ ಕಲಿಸಬೇಕಿಲ್ಲ.

"ಕಾಲ ಮೇಲೆ ಕಾಲು ಹಾಕು. ಗಟ್ಟಿಯಾಗಿ ಸ್ಟಾಪ್ ಹೇಳು. ಡಿಪೋ!"

"ಡಿಪೋ," ಬಿಕ್ಕುತ್ತಲೇ ಶುರುಮಾಡಿದಳು ಮಗಳು. "ನೀರಿನ ಟ್ಯಾಂಕು. ಮರದ ಮಿಲ್ಲು. ಹಳೇ ಆಸ್ಪತ್ರೆ."

"ಆಮೇಲೆ ಕೋರ್ಟಾ?" ಡಾಕ್ಟರು ಕೇಳಿದರು.

"ಅಲ್ಲ ತಾತಾ! ಆಮೇಲೆ ಹೆಣ್ಮಕ್ಕಳ ಶಾಲೆ. ಕೋರ್ಟು ಬಲಗಡೆ ತಿರುಗಿದ ಮೇಲೆ!"

ಡಾಕ್ಟರು ಬೇಕೆಂದೇ ಇನ್ನೆರಡು ಸಲ ತಪ್ಪಿದರು. ಎರಡು ಸಲವೂ ಬೈಸಿಕೊಂಡರು. ಬೈಯುವ ಭರದಲ್ಲಿ ಕಿವಿ ಯಾವಾಗ ಬಿಟ್ಟಿತೋ ಅವಳಿಗೇ ತಿಳಿಯಲಿಲ್ಲ. ಹನ್ನೆರಡನೇ ಸ್ಟಾಪಿಗೆ ಚಕ್ರ ನೆಲ ಮುಟ್ಟಿತು. ಹದಿನೇಳು ಸ್ಟಾಪು ಮುಗಿದು, ಅದೇ ದಾರಿಯಲ್ಲಿ ವಾಪಸು ಡಿಪೋಗೆ ಬಂದರೂ ವಿಮಾನ ತೆವಳುತ್ತಲೇ ಇತ್ತು. ಸೂಜಿಮೆಣಸಿನ ಮುಖ ನೀಲಿಗಟ್ಟಿತು.

ವಿಮಾನ ನಿಂತು ಬೆಲ್ಟಿನ ದೀಪ ಆರಿತು. ಬೆಂಕಿ ಬಿದ್ದಂತೆ ಎಲ್ಲರೂ ಎದ್ದರು, ಓಣಿ ಕಿಕ್ಕಿರಿಯಿತು. ಶೌಚಾಲಯವೋ, ಹಿಂದುಗಡೆ ತುದಿಯಲ್ಲಿ.

"ಸ್ವಲ್ಪ ದಾರಿ ಕೊಡಿ" ಎಂದು ಕಂಡಕ್ಟರಮ್ಮ ಮೆಲ್ಲಗೆ ಬೇಡಿದಳು. ಯಾರೂ ಅಲ್ಲಾಡಲಿಲ್ಲ. ಆಗ ಹನ್ನೊಂದು ವರ್ಷದ ಗಂಟಲು ಹೊರಬಂತು.

"ನಡುವೆ ನಿಲ್ಲಬೇಡ್ರೀ! ಸೈಡಿಗೆ ಬನ್ನಿ, ಸೈಡಿಗೆ! ಬ್ಯಾಗು ತಲೆ ಮೇಲೆ! ರೀ ನೀಲಿ ಅಂಗಿ, ನಿಮಗೇ ಹೇಳಿದ್ದು!"

ಸೂಟಿನವರು, ಲ್ಯಾಪ್‌ಟಾಪಿನವರು, ಗಗನಸಖಿ ಸಮೇತ ಎಲ್ಲರೂ ಸೀಟುಗಳಿಗೆ ಅಂಟಿಕೊಂಡರು. ಮಗಳನ್ನು ತುಂಬಿದ ಮಡಕೆಯಂತೆ ಮುಂದೆ ಹಿಡಿದು ಕಂಡಕ್ಟರಮ್ಮ ಓಡಿದಳು. ಎರಡು ನಿಮಿಷದ ಮೇಲೆ ಇಬ್ಬರೂ ಹೊರಬಂದಾಗ ಫ್ರಾಕು ಒಣಗಿಯೇ ಇತ್ತು. ಯಾರೋ ಚಪ್ಪಾಳೆ ತಟ್ಟಿದರು. ಡಾಕ್ಟರು ತಾಯಿ ಮಗಳ ಬ್ಯಾಗನ್ನು ಇಳಿಸಿ ಹಿಡಿದುಕೊಂಡು ಕಾಯುತ್ತಿದ್ದರು.

"ಕಂಡಕ್ಟರಾ ನೀವು? ಮೊದಲೇ ಹೇಳಬಾರದಿತ್ತಾ! ನನ್ನ ಕ್ಲಿನಿಕ್ಕಿನ ಸಾಲು ನಿಭಾಯಿಸೋಕೆ ನಿಮ್ಮಂಥೋರೇ ಬೇಕು" ಎಂದು ಮೊದಲ ಸಲ ಹಲ್ಲು ಬಿಟ್ಟರು. ಒಂದು ಹಲ್ಲು ಸೊಟ್ಟಗಿತ್ತು.

ಹೊರಬಾಗಿಲಲ್ಲಿ ಗಂಡ ನಿಂತಿದ್ದ. ಐದು ತಿಂಗಳಲ್ಲಿ ಗಡ್ಡ ಬೆಳೆದಿತ್ತು. ಇಡೀ ವಿಮಾನಕ್ಕೆ ಹೆದರದ ಸೂಜಿಮೆಣಸು ಅಪ್ಪನನ್ನು ಕಂಡು ಅಮ್ಮನ ಹಿಂದೆ ಅಡಗಿದಳು. ಅವನ ಮುಖ ಒಂದು ಕ್ಷಣ ಸಪ್ಪಗಾಯಿತು. ಎತ್ತಿಕೊಳ್ಳಲು ಹೋಗಲಿಲ್ಲ. ನೆಲದ ಮೇಲೇ ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದ. ಮಗಳು ಸೆರಗಿನ ಸಂದಿಯಿಂದ ಇಣುಕಿದಳು. ಆ ಕೈತುಂಬ ಸಣ್ಣ ಸಣ್ಣ ಕಪ್ಪು ಚುಕ್ಕೆ.

"ಇದೇನು?"

"ಕಿಡಿ ಬಿದ್ದಿದ್ದು."

"ಉರೀತಾ?"

"ಆಗ ಉರೀತು. ಈಗಿಲ್ಲ."

ಅವಳು ನಂಬಲಿಲ್ಲ. ಹತ್ತಿರ ಬಂದು ಒಂದೊಂದು ಚುಕ್ಕೆಗೂ ಉಫ್ ಉಫ್ ಎಂದು ಊದಿದಳು. ಎರಡೂ ಕೈಗೆ ಊದಿ ಮುಗಿದ ಮೇಲೆ, ಕೆಲಸವಾಯಿತು ಎಂಬಂತೆ ತನ್ನ ತೋಳುಗಳನ್ನು ಮೇಲೆತ್ತಿದಳು. ಅವನು ಎತ್ತಿ ಹೆಗಲಿಗೇರಿಸಿಕೊಂಡ, ಮತ್ತೊಂದು ಕೈಯಲ್ಲಿ ಬ್ಯಾಗು ಹಿಡಿದ. "ಅಪ್ಪಾ, ಆ ಬಸ್ಸಲ್ಲಿ ಕಿಟಕಿ ತೆಗೆಯಕ್ಕೇ ಬರಲ್ಲ" ಎಂಬ ದೂರು ಕೇಳುತ್ತ ಮುಂದೆ ಮುಂದೆ ನಡೆದ.

ಕಂಡಕ್ಟರಮ್ಮ ಹಿಂದೆ ಬಂದಳು, ಎರಡೂ ಕೈ ಬೀಸಿಕೊಂಡು.